ಅಲೆಯಿಲ್ಲದ ನೀರು

ಕಾಪುವಿನ ಮೀನುಗಾರನ ಮಗ ಈಜುಕೊಳದಲ್ಲಿ ಮುಳುಗಿದ ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬುವವರಿದ್ದಾರೆ, ನಂಬಿ ವರ್ಷವಿಡೀ ನಗುವವರೂ ಇದ್ದಾರೆ ಎಂಬ ಹೆದರಿಕೆಯಿಂದ ನಾನು ಆ ಸಂಗತಿಯನ್ನು ಬಹಳ ಕಾಲ ಬಾಯಿಬಿಟ್ಟಿರಲಿಲ್ಲ. ಈಗ ಸೇನೆಯ ಕೆಲಸ ಮುಗಿಸಿ ಊರಿಗೆ ಬಂದಿದ್ದೇನೆ. ಬೆಳಿಗ್ಗೆ ದೀಪಸ್ತಂಭದ ಬದಿಯ ಮರಳಿನಲ್ಲಿ ನಡೆಯುತ್ತೇನೆ, ಓಡುವುದಿಲ್ಲ. ಸೇನೆಗೆ ಸೇರಬೇಕೆಂದು ಬೆವರು ಸುರಿಸಿಕೊಂಡು ಓಡುವ ಹುಡುಗರನ್ನು ಕಂಡರೆ ಹಳೆಯದೆಲ್ಲ ನೆನಪಾಗುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಹತ್ತೊಂಬತ್ತಕ್ಕೇ ಸೇನೆ ಸೇರಿದವನು ನಾನು. ಐದು ವರ್ಷ ಸಾದಾ ಸಿಪಾಯಿಯಾಗಿದ್ದು, ಇಪ್ಪತ್ನಾಲ್ಕರಲ್ಲಿ ತಲೆಗೆ ಒಂದು ಹುಳ ಹೊಕ್ಕಿತು: ಕಮಾಂಡೊ ಆಗಬೇಕು. ಅದಕ್ಕೆ ಮೂರು ತಿಂಗಳ ಆಯ್ಕೆ. ತರಬೇತಿ ಎನ್ನುವುದು ಬಾಯಿಮಾತಿಗೆ. ನಿಜವಾಗಿ ಅದು ಮನುಷ್ಯನನ್ನು ಹಿಂಡಿ ಒಣಹಾಕಿ, ಆಮೇಲೆ ಇವನಲ್ಲಿ ಇನ್ನೇನಾದರೂ ಉಳಿದಿದೆಯೇ ಎಂದು ನೋಡುವ ಕೆಲಸ. ಬೆನ್ನ ಮೇಲೆ ಮರಳಿನ ಚೀಲ, ಕಣ್ಣಿಗೆ ನಿದ್ದೆಯಿಲ್ಲ, ಊಟ ಸಿಕ್ಕಿದರೆ ಸಿಕ್ಕಿತು. ಬಿಟ್ಟು ಹೋಗುವುದು ಮಾತ್ರ ಬಹಳ ಸುಲಭ. ಕೈ ಎತ್ತಿದರೆ ಸಾಕು, ಯಾರೂ ಬೈಯುವುದಿಲ್ಲ. ಕಂಬಳಿ ಹೊದಿಸಿ, ಬಿಸಿ ಚಹಾ ಕೊಟ್ಟು ಲಾರಿಯಲ್ಲಿ ಕೂರಿಸುತ್ತಾರೆ. ಆ ಚಹಾದ ಪರಿಮಳ ನಮ್ಮ ಮೂಗಿಗೆ ಬಡಿಯುವಷ್ಟು ಹತ್ತಿರದಲ್ಲೇ ಲಾರಿ ನಿಲ್ಲಿಸಿರುತ್ತಿದ್ದರು, ಪುಣ್ಯಾತ್ಮರು.

ನಾನು ಕೈ ಎತ್ತಲಿಲ್ಲ. ನಲವತ್ತು ಕಿಲೋ ಹೊತ್ತು ಗುಡ್ಡ ಹತ್ತಿದೆ, ಉಗುರು ಕಿತ್ತುಹೋದ ಕಾಲಿನಲ್ಲೇ ಇಳಿದೆ. ಒಳಗೊಳಗೆ ನನಗಿದ್ದ ಧೈರ್ಯ ಒಂದೇ. ನೀರಿನ ಪರೀಕ್ಷೆ ಬರಲಿ, ಆಗ ತೋರಿಸುತ್ತೇನೆ ಎಂದು. ನಮ್ಮ ತಂಡದಲ್ಲಿ ಹೆಚ್ಚಿನವರು ಬಯಲುಸೀಮೆಯವರು, ಬೆಟ್ಟದ ಕಡೆಯವರು. ಬಕೆಟ್ಟಿನ ಆಚೆಗೆ ನೀರು ಕಂಡವರಲ್ಲ. ನಾನು ಸಮುದ್ರದ ಬದಿಯವನೆಂದು ಗೊತ್ತಾದ ದಿನದಿಂದ ಅವರೆಲ್ಲ ನನ್ನನ್ನು 'ಮಚ್ಲಿ' ಎಂದೇ ಕರೆಯುತ್ತಿದ್ದರು, ಅಂದರೆ ಮೀನು. ನಾನೂ ಮೀಸೆ ತಿರುವಿಕೊಂಡು ಓಗೊಡುತ್ತಿದ್ದೆ.

ಆ ದಿನ ಬಂತು. ಎರಡಾಳು ಆಳದ ಈಜುಕೊಳ. ಕೈಗಳನ್ನು ಬೆನ್ನ ಹಿಂದೆ ಕಟ್ಟುತ್ತಾರೆ, ಕಾಲುಗಳನ್ನು ಜೋಡಿಸಿ ಕಟ್ಟುತ್ತಾರೆ, ನೀರಿಗೆ ನೂಕುತ್ತಾರೆ. ಉಸ್ತಾದ್ ಸೀಟಿ ಊದುವವರೆಗೆ ಗಾಬರಿಯಾಗದೆ ಬದುಕಿರಬೇಕು. ಅಷ್ಟೇ ಪರೀಕ್ಷೆ. ತರಬೇತಿ ಕೊಡುವವರನ್ನು ನಾವು ಉಸ್ತಾದ್ ಎನ್ನುವುದು. "ಮೊದಲು ಮಚ್ಲಿ ಹೋಗಲಿ, ಉಳಿದವರು ನೋಡಿ ಕಲಿಯಿರಿ" ಎಂದರು ಅವರು. ನಾನು ಹೋದೆ. ನೀರಿಗೆ ಬಿದ್ದವನೇ, ಮೈ ಸಡಿಲ ಬಿಟ್ಟು, ಮುಖ ಮೇಲೆ ಮಾಡಿ, ಅಲೆಗೆ ಕಾದೆ.

ಇದನ್ನು ಸಮುದ್ರ ಗೊತ್ತಿಲ್ಲದವರಿಗೆ ಬಿಡಿಸಿ ಹೇಳಬೇಕು. ನಮ್ಮ ಕಡಲಿನಲ್ಲಿ ಕೈಕಾಲು ಸೋತಾಗ, ಬಲೆಗೆ ಸಿಕ್ಕಿಕೊಂಡಾಗ ಹೊಡೆದಾಡಬಾರದು. ಮೈ ಬಿಟ್ಟುಕೊಟ್ಟು, ಮುಖ ಆಕಾಶಕ್ಕೆ ಮಾಡಿ ಕಾಯಬೇಕು. ಮುಂದಿನ ತೆರೆ ಬರುತ್ತದೆ, ನಿಮ್ಮನ್ನು ಎತ್ತುತ್ತದೆ, ಆಗ ಒಂದು ಉಸಿರು. ಮತ್ತೆ ಕಾಯಬೇಕು. ಉಪ್ಪುನೀರು ಅಷ್ಟರವರೆಗೆ ಹೇಗೋ ಹಿಡಿದುಕೊಳ್ಳುತ್ತದೆ. ಅಕ್ಷರ ಕಲಿಯುವ ಮೊದಲು ದೊಡ್ಡ ಹುಡುಗರು ನಮಗೆ ಕಲಿಸಿದ್ದು ಇದನ್ನೇ. ಈಜುಕೊಳದಲ್ಲಿ ಅಲೆ ಬರಲಿಲ್ಲ. ಸಿಹಿನೀರು ಹಿಡಿದುಕೊಳ್ಳಲೂ ಇಲ್ಲ. ಕಾಯುತ್ತ ಕಾಯುತ್ತ ನಾನು ಕೆಳಗೆ ಇಳಿಯುತ್ತಿದ್ದೆ, ಮುಖ ಮಾತ್ರ ಭಕ್ತಿಯಿಂದ ಮೇಲೆಯೇ ಇತ್ತು. ಮೂಗಿಗೆ ನೀರು ಹೊಕ್ಕಿತು. ಆಮೇಲೆ ಕಟ್ಟಿದ ಕೈಕಾಲಿನಲ್ಲೇ ಹೊಡೆದಾಡಿದೆ, ಇನ್ನಷ್ಟು ನೀರು ಕುಡಿದೆ. ಯಾರೋ ಹಾರಿ ನನ್ನ ಕುತ್ತಿಗೆಪಟ್ಟಿ ಹಿಡಿದು ಎಳೆದರು.

ಕಣ್ಣು ಬಿಟ್ಟಾಗ ಹೆಗಲ ಮೇಲೆ ಕಂಬಳಿ ಇತ್ತು, ಕೈಯಲ್ಲಿ ಚಹಾ ಇತ್ತು. ನನ್ನ ಹಿಂದೆ ನಿಂತಿದ್ದ, ನೀರೇ ಕಾಣದ ಹುಡುಗನೊಬ್ಬ ಅದೇ ಪರೀಕ್ಷೆಯಲ್ಲಿ ಪಾಸಾದ. "ಆರು ತಿಂಗಳ ನಂತರ ಇನ್ನೊಂದು ಅವಕಾಶ ಇದೆ, ಅದೇ ಕೊನೆಯದು" ಎಂದರು ಉಸ್ತಾದ್. "ಅಷ್ಟರಲ್ಲಿ ನೀರು ಕಲಿತುಕೊಂಡು ಬಾ, ಮಚ್ಲಿ." ಅವರು ಗೇಲಿ ಮಾಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಏಪ್ರಿಲ್ ತಿಂಗಳಿನಲ್ಲಿ ಎರಡು ತಿಂಗಳ ರಜೆ ಹಾಕಿ ಊರಿಗೆ ಬಂದೆ. ಮನೆಯಲ್ಲಿ ಏನು ಹೇಳುವುದು? ಅಪ್ಪ ನಾಡದೋಣಿಯಲ್ಲಿ ಮೀನಿಗೆ ಹೋಗುವವರು, ಅಮ್ಮ ಬುಟ್ಟಿ ಹೊತ್ತು ಬಸ್ಸಿನಲ್ಲಿ ಊರೂರಿಗೆ ಹೋಗಿ ಮೀನು ಮಾರುವವಳು. ಮಗ ಕಮಾಂಡೊ ಆಗುತ್ತಾನೆಂದು ಅಪ್ಪ ದಡದಲ್ಲಿ ಸಿಕ್ಕಿದವರಿಗೆಲ್ಲ ಸಾರಿಬಿಟ್ಟಿದ್ದರು. "ಗುಡ್ಡ ಪಡ್ಡ ನನಗೆ ಗೊತ್ತಿಲ್ಲ. ನೀರಿಗೆ ಇಳಿಸಿದ್ರೆ ಇವನ ಹತ್ರ ಯಾರು ಬರ್ತಾರೆ ಮಾರಾಯ?" ಎನ್ನುತ್ತಿದ್ದರಂತೆ. ಅಂಥವರ ಮುಂದೆ ನಿಂತು ನೀರಿನಲ್ಲಿ ಮುಳುಗಿದೆ ಎನ್ನಲು ನಾಲಿಗೆ ಏಳಲಿಲ್ಲ. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ, "ಕಾಲಿನ ಗಂಟು ಜಾರಿತು, ಅದಕ್ಕೇ ಕಳಿಸಿದ್ರು" ಎಂದೆ.

ಸುಳ್ಳು ಹೇಳುವವನಿಗೆ ನನ್ನ ಅಮ್ಮನಂಥ ಅಮ್ಮ ಇರಬಾರದು. ಮರುದಿನವೇ ಮೀನಿನ ಬುಟ್ಟಿ ಬದಿಗಿಟ್ಟು, ಒಳ್ಳೆಯ ಸೀರೆ ಉಟ್ಟು, ನನ್ನನ್ನು ಮಣಿಪಾಲದ ಆಸ್ಪತ್ರೆಗೆ ಹೊರಡಿಸಿದಳು. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುವಾಗ ನಾನು ಕುಂಟಲು ಮರೆತೆ. ಅವಳು "ಮೆಲ್ಲ, ಮೆಲ್ಲ" ಎಂದಾಗ ಎಡಗಾಲೋ ಬಲಗಾಲೋ ಎಂದು ಒಂದು ಕ್ಷಣ ಯೋಚಿಸಬೇಕಾಯಿತು. ಡಾಕ್ಟರು ಎರಡೂ ಮೊಣಕಾಲು ಮಡಚಿ ಬಿಡಿಸಿ ನೋಡಿ, ಫೋಟೋ ತೆಗೆಸಿ, "ಎಂತದೂ ಇಲ್ಲಮ್ಮ, ಇಷ್ಟು ಗಟ್ಟಿ ಗಂಟು ನನಗೂ ಇಲ್ಲ" ಎಂದು ನಕ್ಕರು. ನಾನು ಇಂಗು ತಿಂದ ಮಂಗನ ಹಾಗೆ ಕುಳಿತಿದ್ದೆ. ಅಮ್ಮ ಹೊರಗೆ ಬಂದು ಮಿಲಿಟರಿಯವರಿಗೆ ಹಿಡಿಶಾಪ ಹಾಕಿದಳು. ಸರಿಯಿದ್ದ ಕಾಲನ್ನು ಸರಿಯಿಲ್ಲ ಎಂದು ಕಳಿಸಿದ್ದಾರಲ್ಲ, ಅವರಿಗೆ ಕಣ್ಣಿಲ್ಲವಾ ಎಂದು. ಅವಳ ಮುಖ ನೋಡಿ ನನಗೆ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಕಾಲು ಸರಿಯಿದೆ ಎಂದು ಸಾಬೀತಾದದ್ದರಿಂದ ಓಡಲಿಕ್ಕಾದರೂ ಅನುಮತಿ ಸಿಕ್ಕಿತು. ಬೆಳಿಗ್ಗೆ ಚೀಲದಲ್ಲಿ ಮರಳು ತುಂಬಿ, ಹೊತ್ತುಕೊಂಡು ಶಿರ್ವದವರೆಗೆ ಓಡುತ್ತಿದ್ದೆ. ಸಮುದ್ರದಲ್ಲಿ ಈಜುವುದು ಕಲಿಯಬೇಕಾಗಿರಲಿಲ್ಲ, ಬೇರೆ ಈಜು ಯಾರಿಂದ ಕಲಿಯುವುದೆಂದು ಗೊತ್ತಿರಲಿಲ್ಲ. ಊರಿನಲ್ಲಿ ಕೇಳುವ ಹಾಗೂ ಇಲ್ಲ. ಮೀನಿಗೆ ಈಜು ಕಲಿಸಬೇಕಾ ಎಂದು ನಗುತ್ತಾರೆ.

ಒಂದು ದಿನ ಶಿರ್ವದಲ್ಲಿ ಗಲ್ಫಿನವರ ದೊಡ್ಡ ಮನೆಯೊಂದರ ಅಂಗಳದಲ್ಲಿ ಜನ ಸೇರಿದ್ದರು. ಬಾವಿಯ ಪಂಪಿನ ಪೈಪು ಕಳಚಿ ಅದರ ತುದಿಯ ಫುಟ್‌ವಾಲ್ವು ಅಡಿಗೆ ಬಿದ್ದಿತ್ತು. ತೆಗೆಯಲು ಬಂದಿದ್ದವರು ಬಡಕಲು ಮೈಯ, ಅರುವತ್ತು ದಾಟಿದ ಒಬ್ಬರು. ಮೊದಲು ಒಂದು ದೀಪ ಹಚ್ಚಿ ಹಗ್ಗದಲ್ಲಿ ಬಾವಿಗೆ ಇಳಿಸಿ, ಅದು ಆರುತ್ತದೋ ಎಂದು ನೋಡಿದರು. ಒಳಗೆ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ. ಆರಲಿಲ್ಲ. ಬಾಯಲ್ಲಿ ವೀಳ್ಯ ಜಗಿಯುತ್ತಲೇ ಹಗ್ಗ ಹಿಡಿದು ಇಳಿದರು. ನೀರಿಗೆ ಸೊಂಟ ಮುಟ್ಟಿತು, ತಲೆ ಮುಳುಗಿತು. ನನಗೆ ಎಣಿಸುವ ಚಾಳಿ ಹತ್ತಿತ್ತು, ಎಣಿಸಿದೆ. ನೂರು ದಾಟಿತು. ನೂರಿಪ್ಪತ್ತಕ್ಕೆ ನಾನು ಕಟ್ಟೆಯಿಂದ ಬಗ್ಗಿ ಒಳಗೆ ನೋಡಿದೆ, ಸುತ್ತಲಿನವರು ಯಾವುದೋ ಮದುವೆಯ ಊಟದ ಬಗ್ಗೆ ಮಾತಾಡುತ್ತಿದ್ದರು. ಆಮೇಲೆ ಅವರು ಮೇಲೆ ಬಂದರು, ಕೈಯಲ್ಲಿ ಫುಟ್‌ವಾಲ್ವು. ಏದುಸಿರಿಲ್ಲ, ಕೆಮ್ಮಿಲ್ಲ. ವೀಳ್ಯವನ್ನು ನಿಲ್ಲಿಸಿದ್ದಲ್ಲಿಂದ ಜಗಿಯಲು ಶುರುಮಾಡಿದರು.

ಅವರ ಮನೆ ಕಾರ್ಕಳದ ಹೊರಗೆ. ಕೆಸರು ತೆಗೆಯುವುದು, ಬಿದ್ದ ಕೊಡಪಾನ ತೆಗೆಯುವುದು ಅವರ ಕಸುಬು. ವಿಳಾಸ ಕೇಳಿಕೊಂಡು ಮರುದಿನವೇ ಬಸ್ಸು ಹತ್ತಿ ಹೋದೆ. ಇರುವುದನ್ನು ಇರುವ ಹಾಗೇ ಹೇಳಿದೆ. ಮೊತ್ತಮೊದಲು ಸತ್ಯ ಹೇಳಿದ್ದು ಗುರುತಿಲ್ಲದ ಮನುಷ್ಯನಿಗೆ. ಅವರು ವೀಳ್ಯ ಉಗಿದು ಬಂದರು.

"ಕಾಪುವಿನವನಾ? ಸಮುದ್ರದ ಬುಡದಲ್ಲಿ ಮನೆ ಮಾಡಿಕೊಂಡು ನನ್ನ ಹತ್ರ ನೀರು ಕಲೀಲಿಕ್ಕೆ ಬಂದದ್ದಾ? ನನಗೆ ಸಮುದ್ರ ಕಂಡ್ರೆ ಜ್ವರ ಬರ್ತದೆ ಮಾರಾಯ."

"ಸಮುದ್ರ ಬೇಡ ಅಣ್ಣ. ಬಾವಿ ಸಾಕು."

"ದುಡ್ಡು ಬೇಡ. ಬರುವಾಗ ಬೂತಾಯಿ ತಾ. ಇಲ್ಲಿಗೆ ಬರುವ ಮೀನು ದಾರಿಯಲ್ಲೇ ಮುದುಕ ಆಗಿರ್ತದೆ."

ಹೀಗೆ ನನ್ನ ತರಬೇತಿ ಶುರುವಾಯಿತು. ಗದ್ದೆಗೆ ನೀರು ಬಿಡುವ ಒಂದು ದೊಡ್ಡ ಬಾವಿ ಇತ್ತು, ಕುಡಿಯುವ ನೀರಿನದ್ದಲ್ಲ. ಕುಡಿಯುವ ಬಾವಿಗೆ ನನ್ನಂಥ ಬೆವರಿನವನನ್ನು ಇಳಿಸುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಕಲ್ಲಿನ ಮೆಟ್ಟಿಲು, ಬೇಸಗೆಯಲ್ಲೂ ಎರಡಾಳು ನೀರು. ಅವರ ಮೊದಲ ಪಾಠ ಈಜು ಅಲ್ಲ. "ಅಡಿಗೆ ಹೋಗಿ ಕೂತು ಬಾ" ಎಂದರು. ನಾನು ಇಳಿದೆ, ಅರ್ಧದಲ್ಲಿ ತಿರುಗಿ ಮೇಲೆ ಬಂದೆ. ಮತ್ತೆ ಇಳಿದೆ, ಮತ್ತೆ ಬಂದೆ. ಅಡಿ ಮುಟ್ಟಲು ಮನಸ್ಸು ಒಪ್ಪುತ್ತಿರಲಿಲ್ಲ.

ಯಾಕೆಂದು ಆಗ ಗೊತ್ತಾಗಲಿಲ್ಲ, ಆಮೇಲೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಕಡಲಿನ ಅಡಿಯ ಮಾತು ಎತ್ತುವುದಿಲ್ಲ. ಯಾರಾದರೂ ಹೋಗಿಬಿಟ್ಟರೆ ಕೂಡ 'ಮುಳುಗಿದರು' ಎನ್ನುವುದಿಲ್ಲ, 'ಬರಲಿಲ್ಲ' ಎನ್ನುತ್ತೇವೆ. ಅಡಿ ಎಂದರೆ ವಾಪಸು ಬರದವರ ಜಾಗ. ಅಂಥ ಮನೆಯಲ್ಲಿ ಬೆಳೆದವನಿಗೆ ಅಡಿಗೆ ಹೋಗಿ ಕೂರು ಎಂದರೆ ಮೈ ಹೇಗೆ ಒಪ್ಪೀತು? ಗುಡ್ಡ ಹತ್ತುವುದು, ಹಸಿವು ತಡೆಯುವುದು ಎಲ್ಲ ಮಾಡಿದ್ದೆ. ಈ ಎರಡಾಳು ನೀರು ನನ್ನಿಂದ ಆಗುತ್ತಿರಲಿಲ್ಲ.

ಎರಡು ವಾರ ಹಾಗೆ ಹೋಯಿತು. ದಿನಾ ಅಮ್ಮನ ಬುಟ್ಟಿಯಿಂದ ಬೂತಾಯಿ ಕದಿಯುತ್ತಿದ್ದೆ. ಬಾಳೆಲೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಕಂಡಕ್ಟರು ಮೂಗು ಹಿಂಡಿ "ಇವತ್ತು ಎಂತ, ಬೂತಾಯಿಯಾ ಬಂಗುಡೆಯಾ?" ಎಂದು ಕೇಳುತ್ತಿದ್ದ. ಅಮ್ಮನಿಗೆ ಮೀನಿನ ಲೆಕ್ಕ ತಪ್ಪುವುದಿಲ್ಲ. ಮಗ ದಿನಾ ಮೀನು ತೆಗೆದುಕೊಂಡು ಕಾರ್ಕಳಕ್ಕೆ ಹೋಗುತ್ತಾನೆ, ತಲೆಕೂದಲು ಒದ್ದೆ ಮಾಡಿಕೊಂಡು ಬರುತ್ತಾನೆ ಎಂದರೆ ಅರ್ಥ ಒಂದೇ ಎಂದು ಅವಳು ತೀರ್ಮಾನಿಸಿದಳು. "ಅವರ ಮನೆಯಲ್ಲಿ ಸ್ನಾನ ಮಾಡುವಷ್ಟು ಸಲಿಗೆ ಉಂಟಾ? ಹುಡುಗಿ ಎಂತ ಮಾಡ್ತಾಳೆ?" ಎಂದು ಒಂದು ದಿನ ಕೇಳಿಯೇಬಿಟ್ಟಳು. ನಾನು ಇಲ್ಲ ಎನ್ನಲಿಲ್ಲ. ಒಂದು ಸುಳ್ಳಿಗೆ ಕಾಲು ಕೊಟ್ಟಿದ್ದೆ, ಈಗ ಹುಡುಗಿಯೂ ಸೇರಿಕೊಂಡಳು. ಆ ಹುಡುಗಿಗೆಂದು ಅಮ್ಮ ಒಳ್ಳೆಯ ದೊಡ್ಡ ಬಂಗುಡೆಗಳನ್ನೇ ತೆಗೆದಿಡತೊಡಗಿದಳು, ತಿಂದವರು ವೀಳ್ಯ ಜಗಿಯುವ ಮುದುಕರು.

ಮೂರನೆಯ ವಾರ ಅವರು ನನ್ನ ಕೈಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿದರು. ನಾನೇ ಹಟ ಮಾಡಿ ಕಟ್ಟಿಸಿಕೊಂಡದ್ದು. ನೀರಿಗೆ ಇಳಿದ ತಕ್ಷಣ ಈಜುಕೊಳದ ದಿನವೇ ಮತ್ತೆ ಬಂತು. ಮುಖ ಮೇಲೆ, ಮೈ ಕೆಳಗೆ, ಮೂಗಿಗೆ ನೀರು. ಅವರು ನನ್ನ ಕೂದಲು ಹಿಡಿದು ಮೆಟ್ಟಿಲಿಗೆ ಎಳೆದು ಹಾಕಿ, ಕೆನ್ನೆಗೆ ಒಂದು ಬಿಟ್ಟರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೆಮ್ಮುತ್ತಲೇ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕೊಡಪಾನ ತೆಗೆಯುವವನಿಗೆ ಸೈನಿಕನ ಕಷ್ಟ ಏನು ಗೊತ್ತು ಎಂದೂ ಅಂದೆ. ಅಂಗಿಯ ಗುಂಡಿ ಹಾಕದೆ ಬಸ್ಸು ನಿಲ್ಲುವಲ್ಲಿಗೆ ನಡೆದೆ. ಬಸ್ಸು ಆಗಷ್ಟೇ ಹೋಗಿತ್ತು, ಇನ್ನೊಂದಕ್ಕೆ ಮುಕ್ಕಾಲು ಗಂಟೆ. ಬಿಸಿಲಿನಲ್ಲಿ ಕುಳಿತು ಸಿಟ್ಟನ್ನು ಎಷ್ಟು ಹೊತ್ತು ಸಾಕುವುದು? ಅರ್ಧ ಗಂಟೆಗೆ ಅದು ಆರಿತು. ನಾನು ಅಂದ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. ತಲೆ ತಗ್ಗಿಸಿ ವಾಪಸು ಹೋದೆ.

ಅವರು ಬಾವಿಯ ಕಟ್ಟೆಯಲ್ಲೇ ಕುಳಿತಿದ್ದರು. ನಾನು ಕ್ಷಮೆ ಕೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲೂ ಇಲ್ಲ.

"ನೀನು ಮೇಲೆ ನೋಡ್ತೀ. ಮೇಲೆ ಎಂತ ಉಂಟು? ಹಿಡಿದುಕೊಳ್ಳಲಿಕ್ಕೆ ಎಂತದಾದ್ರೂ ಉಂಟಾ? ಕೆಳಗೆ ಕಲ್ಲು ಉಂಟು. ಕೆಳಗೆ ಹೋಗು, ಕಲ್ಲಿಗೆ ಕಾಲು ಕೊಡು, ಒಂದು ಒದ್ದುಬಿಡು. ಮೇಲೆ ಬರ್ತೀ. ಒಂದು ಉಸಿರು ತಕ್ಕೋ, ಪುನಃ ಹೋಗು. ಇಷ್ಟೇ. ನಾನು ನಲವತ್ತು ವರ್ಷದಿಂದ ಇದನ್ನೇ ಮಾಡಿದ್ದು."

"ಅಡಿ ಮುಟ್ಟಲಿಕ್ಕೆ ಹೆದರಿಕೆ ಆಗ್ತದೆ ಅಣ್ಣ" ಎಂದೆ. ಹೆದರಿಕೆ ಎಂಬ ಶಬ್ದವನ್ನು ಐದು ವರ್ಷದ ಸೇನೆಯಲ್ಲಿ ನಾನು ಒಮ್ಮೆಯೂ ಬಾಯಿಂದ ಹೊರಡಿಸಿರಲಿಲ್ಲ.

"ಆಗಲಿ. ಹೆದರಿಕೊಂಡೇ ಹೋಗು. ಹೆದರಿಕೆ ಬಿಟ್ಟ ಮೇಲೆ ಹೋಗ್ತೇನೆ ಅಂತ ಕೂತ್ರೆ ಬಾವಿ ಬತ್ತಿ ಹೋಗ್ತದೆ."

ಅಂದು ನಾಲ್ಕನೆಯ ಸಲಕ್ಕೆ ಅಡಿ ಮುಟ್ಟಿದೆ. ನುಣುಪಾದ ಕಲ್ಲು, ಮೇಲೆ ತೆಳ್ಳಗೆ ಕೆಸರು, ಕಾಲಿಗೆ ತಣ್ಣಗಾಯಿತು. ಒಂದೆರಡು ಕ್ಷಣ ಕುಳಿತೆ. ಕಿವಿಯಲ್ಲಿ ನನ್ನದೇ ರಕ್ತದ ಸದ್ದು. ಒದ್ದೆ, ಮೇಲೆ ಬಂದೆ, ಉಸಿರು ತೆಗೆದುಕೊಂಡೆ, ಮತ್ತೆ ಮುಳುಗಿದೆ. ಎಷ್ಟು ಸಲ ಎಂದು ಎಣಿಸಲು ಮರೆತೆ. ಮೇಲೆ ಬಂದು ನೋಡಿದರೆ ಅವರು ಕಟ್ಟೆಗೆ ಒರಗಿ ನಿದ್ದೆ ಹೋಗಿದ್ದರು. ಶಿಷ್ಯ ಪಾಸಾದ ಎಂದೇ ಅದರ ಅರ್ಥವಿರಬೇಕು. ಆ ಬಿಸಿಲು, ಗದ್ದೆಯ ಬದಿಯ ಆ ಪಂಪಿನ ಸದ್ದು, ಹುರಿದ ಬೂತಾಯಿಯ ಜೊತೆ ಅವರ ಮನೆಯಲ್ಲಿ ಉಂಡ ಕುಚ್ಚಲಕ್ಕಿಯ ಗಂಜಿ, ಇವತ್ತಿಗೂ ಯಾರಾದರೂ ತರಬೇತಿ ಎಂದರೆ ನನಗೆ ಮೊದಲು ನೆನಪಾಗುವುದು ಇವು. ಮುಂದಿನ ಐದು ವಾರ ಒಂದು ದಿನವೂ ತಪ್ಪಿಸಲಿಲ್ಲ. ಅಷ್ಟು ಸುಖದ ದಿನಗಳು ಆಮೇಲೆ ಸಿಗಲಿಲ್ಲ.

ಎರಡನೆಯ ಸಲ ಹೋದಾಗ ಮತ್ತೆ ಗುಡ್ಡ, ಮತ್ತೆ ಮರಳಿನ ಚೀಲ. ಅದನ್ನೆಲ್ಲ ಬರೆಯುವುದಿಲ್ಲ. ಅರ್ಧ ಬರೆಯಬಾರದ್ದು, ಇನ್ನರ್ಧ ಎಲ್ಲರೂ ಹೇಳಿ ಹೇಳಿ ಹಳಸಿದ್ದು. ನೀರಿನ ದಿನ ಉಸ್ತಾದ್ ನನ್ನನ್ನು ಗುರುತು ಹಿಡಿದರು. ಈ ಸಲ ಮೊದಲು ಕರೆಯಲಿಲ್ಲ, ಕೊನೆಗೆ ನಿಲ್ಲಿಸಿದರು. ಕೈಕಾಲು ಕಟ್ಟಿ ನೂಕಿದ ತಕ್ಷಣ ನಾನು ನೇರ ಅಡಿಗೆ ಹೋದೆ. ಉಸಿರಿನ ಗುಳ್ಳೆ ಒಂದೊಂದೇ ಬಿಡುತ್ತ ಕುಳಿತೆ. ಇವನು ಮತ್ತೆ ಹೋದ ಎಂದುಕೊಂಡು ಕಾವಲಿನವನೊಬ್ಬ ಹಾರಿ ನನ್ನ ಹತ್ತಿರ ಬಂದ. ನಾನು ತಲೆಯಾಡಿಸಿ ಬೇಡ ಎಂದೆ. ಅವನು ಕಣ್ಣು ಅಗಲಿಸಿದ್ದು ನೀರೊಳಗೂ ಕಂಡಿತು. ಒದ್ದು ಮೇಲೆ ಬಂದೆ, ಉಸಿರು, ಮತ್ತೆ ಕೆಳಗೆ. ಹೆದರಿಕೆ ಇತ್ತು. ಹೆದರಿಕೊಂಡೇ ಹೋಗುತ್ತಿದ್ದೆ. ಸೀಟಿ ಊದಿದ ಮೇಲೂ ಎರಡು ಸಲ ಹೋಗಿ ಬಂದೆನಂತೆ, ಕೇಳಿಸಿರಲಿಲ್ಲ. "ಈಗ ನೀನು ಮಚ್ಲಿ" ಎಂದರು ಉಸ್ತಾದ್.

ಮೂರು ತಿಂಗಳು ಮುಗಿಸಿ, ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ರಜೆಗೆ ಬಂದಾಗ ದಡದ ಮೀನುಗಾರರೆಲ್ಲ ಸೇರಿ ಸನ್ಮಾನ ಇಟ್ಟಿದ್ದರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಮೈಕು. ಮಾತಾಡಿದವರೆಲ್ಲ ಕಡಲ ಮಗ, ಕಡಲು ಕಲಿಸಿದ ವಿದ್ಯೆ ಎಂದರು. ಅಪ್ಪ ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತೊಡೆಯ ಮೇಲೆ ಕೈಯಿಟ್ಟು ನೆಟ್ಟಗೆ ಕುಳಿತಿದ್ದರು. ಆ ಶಾಲು ನನಗೆ ಮರಳಿನ ಚೀಲಕ್ಕಿಂತ ಭಾರವಾಯಿತು. ಮೈಕು ನನ್ನ ಕೈಗೆ ಬಂದಾಗ ಧನ್ಯವಾದ ಹೇಳಿ ಕೂತುಬಿಟ್ಟೆ.

ಸಂಜೆ ಅಪ್ಪನೂ ನಾನೂ ಮರಳಿನ ಮೇಲೆ ಮನೆಗೆ ನಡೆಯುತ್ತಿದ್ದೆವು, ಹಣ್ಣಿನ ಬುಟ್ಟಿ ಅವರ ಕೈಯಲ್ಲಿ, ಪೇಟ ನನ್ನ ಕೈಯಲ್ಲಿ. ಇನ್ನು ತಡೆಯಲು ಆಗಲಿಲ್ಲ.

"ಅಪ್ಪ, ಮೊದಲ ಸಲ ನನ್ನನ್ನು ಕಳಿಸಿದ್ದು ಕಾಲಿನ ಗಂಟಿನಿಂದ ಅಲ್ಲ. ನೀರಲ್ಲಿ ಮುಳುಗಿದೆ."

"ಎಷ್ಟು ನೀರು?"

"ಎರಡಾಳು. ಈಜುಕೊಳ."

ಅವರು ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಬೈಯುತ್ತಾರೆ, ಇಲ್ಲವೇ ನಗುತ್ತಾರೆ ಎಂದು ನಾನು ಕಾದೆ.

"ನಿಮ್ಮ ಮರ್ಯಾದೆ ಹೋಗ್ತದೆ ಅಂತ ಹೇಳ್ಲಿಲ್ಲ. ಇಡೀ ಊರಿಗೆ ಹೇಳಿಕೊಂಡು ಬಂದಿದ್ರಿ ನೀವು."

"ನನಗೆ ಈಜು ಬರುವುದಿಲ್ಲ" ಎಂದರು ಅಪ್ಪ.

ತಮಾಷೆ ಎಂದುಕೊಂಡೆ. ಮುಖ ನೋಡಿದೆ, ತಮಾಷೆಯ ಮುಖ ಅಲ್ಲ.

"ಹನ್ನೆರಡು ವರ್ಷಕ್ಕೆ ದೋಣಿ ಹತ್ತಿಸಿದ್ರು. ಬರ್ತದಾ ಅಂತ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಆಮೇಲೆ ಮೀಸೆ ಬಂತು. ಮೀಸೆ ಬಂದ ಮೇಲೆ ಕಲಿಸಿ ಅಂತ ಯಾರ ಹತ್ರ ಕೇಳುವುದು?"

"ದೋಣಿಯಿಂದ ಬಿದ್ರೆ?"

"ಬೀಳಬಾರದು. ಬೀಳದ ಹಾಗೆ ನೋಡಿಕೊಳ್ತೇನೆ."

"ಹೆದರಿಕೆ ಆಗುದಿಲ್ವಾ?"

"ದಿನಾ ಆಗ್ತದೆ. ದಡದ ತೆರೆ ದಾಟುವವರೆಗೆ. ಆಮೇಲೆ ಬಲೆಯ ಕೆಲಸ ಇರ್ತದಲ್ಲ, ಮರೆತು ಹೋಗ್ತದೆ." ಸ್ವಲ್ಪ ದೂರ ನಡೆದು, "ಅಮ್ಮನಿಗೆ ಹೇಳ್ಬೇಡ. ಗೊತ್ತಾದ್ರೆ ನಾಳೆಯಿಂದ ಮನೆಯಿಂದ ಹೊರಗೆ ಬಿಡುವುದಿಲ್ಲ" ಎಂದರು.

ಯೋಚಿಸಿದರೆ, ಅಪ್ಪ ಈಜಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅವರು ನೀರಿನಿಂದಲೇ ಬಂದು ನೀರಿಗೇ ಹೋಗುವವರಾದ್ದರಿಂದ ಹಾಗೆ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ನನಗೆ ಉಸ್ತಾದ್ ಇದ್ದರು, ಕಾವಲಿನವನಿದ್ದ, ಬೇಡವೆನಿಸಿದರೆ ಚಹಾ ಹಿಡಿದುಕೊಂಡ ಲಾರಿ ಇತ್ತು. ಅಪ್ಪ ಮೂವತ್ತೈದು ವರ್ಷ ಏನೂ ಇಲ್ಲದೆ ಹೋಗಿ ಬಂದಿದ್ದರು, ನಮಗೆ ಗಂಜಿ ಹಾಕಿದ್ದರು, ಅದಕ್ಕೆ ಯಾರೂ ಶಾಲು ಹೊದಿಸಿರಲಿಲ್ಲ. ಆ ದಿನ ಅವರ ಮೇಲೆ ನನಗೆ ಬಂದ ಪ್ರೀತಿಯನ್ನು ಹೇಗೆ ತೋರಿಸುವುದೆಂದು ಗೊತ್ತಾಗಲಿಲ್ಲ. ಹಣ್ಣಿನ ಬುಟ್ಟಿ ಕೊಡಿ ಎಂದೆ. ಕೊಡಲಿಲ್ಲ. ಅವರು ದೋಣಿ ಬಿಟ್ಟು ಈಗ ವರ್ಷಗಳಾದವು, ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮರುದಿನ ಬೆಳಕು ಹರಿಯುವಾಗ ದೋಣಿ ನೂಕಲು ನಾನೂ ಕೈ ಕೊಟ್ಟೆ. ಸೊಂಟದ ನೀರಿಗೆ ಬಂದಾಗ ಅಪ್ಪ ಅಂಚು ಹಿಡಿದು ಹಾರಿ ಕುಳಿತರು. ಆ ಹಾರುವಿಕೆಯನ್ನು ಸಾವಿರ ಸಲ ನೋಡಿದ್ದೆ. ಅಂದು ಮಾತ್ರ ಅವರ ಎರಡೂ ಕೈ ಅಂಚನ್ನು ಎಷ್ಟು ಗಟ್ಟಿಯಾಗಿ ಹಿಡಿದಿವೆ ಎಂಬುದು ಕಂಡಿತು. ಮೊದಲ ತೆರೆಗೆ ದೋಣಿ ಮೂತಿ ಎತ್ತಿತು, ಎರಡನೆಯದಕ್ಕೂ ಎತ್ತಿತು, ದಾಟಿತು. ಅಪ್ಪ ಹಿಂದೆ ತಿರುಗಿ ನೋಡಲಿಲ್ಲ. ದೋಣಿ ಕಾಣದಾದ ಮೇಲೂ ನಾನು ಅಲ್ಲೇ ನಿಂತೆ. ಎಲ್ಲೂ ಕೈ ಎತ್ತದವನಿಗೆ ಅಂದು ಕೈ ಎತ್ತಿ, ಸಾಕು ಬನ್ನಿ ಎಂದು ಕೂಗಬೇಕೆನಿಸಿತು.

ಬಿಸಿಲೇರಿದ ಮೇಲೆ ಅಮ್ಮ ಖಾಲಿ ಬುಟ್ಟಿ ಹಿಡಿದು ದಡಕ್ಕೆ ಬಂದಳು.

"ಗಂಜಿ ಆರಿ ತಣ್ಣಗಾಯ್ತು. ಇಲ್ಲಿ ಎಂತ ಮಾಡ್ತಿದ್ದೀ?"

"ದೋಣಿ ಬರಲಿ, ಆಮೇಲೆ ಬರ್ತೇನೆ."

"ಮಿಲಿಟರಿಯವನಿಗೆ ಎಂತದು ಇಷ್ಟು ಹೆದರಿಕೆ? ನಿನ್ನ ಅಪ್ಪ ನೀರಲ್ಲೇ ಹುಟ್ಟಿದವರು, ಅವರಿಗೆ ಎಂತ ಆಗ್ತದೆ?" ಎಂದು ನಕ್ಕಳು.

ಹೌದು ಎಂದೆ. ದೋಣಿ ಬಂದು ಮರಳಿಗೆ ತಾಗುವವರೆಗೆ ಅಲ್ಲಿಂದ ಕದಲಲಿಲ್ಲ.